ಕಿತಶಿರಕವ ಯೊಶಿಹಿಸ: ಒಬ್ಬನೇ ರಾಜಕುಮಾರನೋ, ಮೂವರೋ?

ಹಳೇಪುಟ
ಎಲ್ಲರಿಗೂ ನಮಸ್ಕಾರ. ಜಪಾನಿನ ರಾಜವಂಶದ ಸೇನಾನಿ ಕಿತಶಿರಕವ ಯೊಶಿಹಿಸನ ಬಗ್ಗೆ ಕನ್ನಡದಲ್ಲಿ ವಿಶ್ವಕೋಶದ ಲೇಖನವೊಂದು ತಯಾರಾಗುತ್ತಿದೆ. ಒಂದು ಕಡೆ ಓದಿದ್ದಕ್ಕೂ ಇನ್ನೊಂದು ಕಡೆ ಓದಿದ್ದಕ್ಕೂ ತಾಳೆಯೇ ಆಗುತ್ತಿಲ್ಲ.

ಈತ ನಿಂಕೋ ಚಕ್ರವರ್ತಿಯ ಮಗನೋ, ರಾಜವಂಶದ ಕವಲಾದ ಫುಶಿಮಿ ಮನೆತನದವನೋ? 1868ರಲ್ಲಿ ಮೇಜಿ ಸರ್ಕಾರದ (ಶೋಗನ್ ಆಡಳಿತದ ಜಾಗಕ್ಕೆ ಬಂದ ಚಕ್ರವರ್ತಿಯ ಸರ್ಕಾರ) ಎದುರಾಳಿಗಳ ಜೊತೆಗಿದ್ದ, ಈಗಿನ ತೋಕ್ಯೋದ ಉಯೆನೋದ ಮಠಾಧಿಪತಿ ‘ರಿನ್ನೋಜಿ-ನೋ-ಮಿಯ’ ಈತನೇ ಆದರೆ, ಅದೇ ಸರ್ಕಾರ 1895ರಲ್ಲಿ ಚಕ್ರವರ್ತಿಯ ಅಂಗರಕ್ಷಕ ಡಿವಿಷನ್ನನ್ನು ಈತನ ಕೈಗೆ ಕೊಟ್ಟದ್ದು ಹೇಗೆ? ಉಯೆನೋ ಕದನದ ತಾರೀಖು ಒಂದೆಡೆ ಮೇ 15, ಇನ್ನೊಂದೆಡೆ ಜುಲೈ 4. ಸಾವಿಗೂ ಎರಡು ತಾರೀಖು: ಅಕ್ಟೋಬರ್ 28, ನವೆಂಬರ್ 5. ಮಲೇರಿಯಾ ಅಂತ ಕೆಲವರು, ತೈವಾನಿನವರು ಕೊಂದರು ಅಂತ ಕೆಲವರು.

ಮೂಡಣದಾರಿ
ಸರ್, ಮೂವರಲ್ಲ, ಒಬ್ಬನೇ. ಹೆಸರುಗಳನ್ನು ಕಾಲಕ್ಕೆ ತಕ್ಕಂತೆ ಜೋಡಿಸಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಹುಟ್ಟಿದ್ದು 1847ರ ಏಪ್ರಿಲ್ 1, ಕ್ಯೋತೋದಲ್ಲಿ, ಫುಶಿಮಿ ಕುನಿಯೆಯ ಒಂಬತ್ತನೇ ಮಗನಾಗಿ. 1858ರಲ್ಲಿ ‘ಯೊಶಿಹಿಸ’ ಎಂಬ ಹೆಸರು, ಅದರ ಬೆನ್ನಲ್ಲೇ ಸನ್ಯಾಸ, ಆಗ ‘ಕೋಗೆನ್’. 1867ರಲ್ಲಿ ಉಯೆನೋದ ಕನ್‌ಏಜಿ ಮಠದ ಪೀಠ ಸಿಕ್ಕಿತು. ರಿನ್ನೋಜಿ-ನೋ-ಮಿಯ ಎಂಬುದು ಆ ಪೀಠದ ಬಿರುದು, ವ್ಯಕ್ತಿಯ ಹೆಸರಲ್ಲ. ಈತನಿಗಿಂತ ಹಿಂದಿನ ಪೀಠಾಧಿಪತಿಗಳಿಗೂ ಅದೇ ಬಿರುದು ಇರುವುದರಿಂದ ಹುಡುಕುವಾಗ ಇಸವಿ ನೋಡಿಯೇ ಮುಂದುವರಿಯಿರಿ. ಕಿತಶಿರಕವ ಮನೆತನಕ್ಕೆ ಬಂದದ್ದು 1872ರಲ್ಲಿ, ತಮ್ಮ ಸತೊನರಿ ತೀರಿಕೊಂಡ ಮೇಲೆ. ‘1868ರಲ್ಲಿ ಕಿತಶಿರಕವ ರಾಜಕುಮಾರ’ ಎಂದು ಬರೆದರೆ ತಪ್ಪು.

ನಿಂಕೋ ವಿಷಯ ಇನ್ನೂ ಮಜಾ. ನಿಂಕೋ ತೀರಿಹೋದದ್ದು 1846ರಲ್ಲಿ, ಅಂದರೆ ಈ ಮಗು ಹುಟ್ಟುವ ಮೊದಲೇ. 1848ರ ದತ್ತು ಕಾಗದದ ಮೇಲಿನದು, ಅಂತಸ್ತಿಗಾಗಿ ಮಾಡಿದ್ದು. ಆ ಲೆಕ್ಕದಲ್ಲಿ ಈತ ನಿಂಕೋನ ಮಗ ಕೋಮೇ ಚಕ್ರವರ್ತಿಯ ತಮ್ಮ, ತನಗಿಂತ ಐದೇ ವರ್ಷ ಚಿಕ್ಕವನಾದ ಕೋಮೇಯ ಮಗ ಮೇಜಿ ಚಕ್ರವರ್ತಿಗೆ ಚಿಕ್ಕಪ್ಪ! ರಕ್ತಸಂಬಂಧದಲ್ಲಿ ಗಂಡುಸಾಲನ್ನು ಹಿಡಿದು ಹೋದರೆ ಇಬ್ಬರಿಗೂ ಸಮಾನವಾದ ಮೂಲಪುರುಷ ಸಿಗಲು ನಾನ್ನೂರು ವರ್ಷಕ್ಕೂ ಹಿಂದೆ ಹೋಗಬೇಕು. ಲೇಖನದಲ್ಲಿ ತಂದೆ ಎಂದು ಕುನಿಯೆಯನ್ನೇ ಹಾಕಿ, ದತ್ತನ್ನು ಬೇರೆ ವಾಕ್ಯದಲ್ಲಿ ಹೇಳಿ.

ಇನ್ನೊಂದು: ಅಣ್ಣ ಕೊಮತ್ಸು ಅಕಿಹಿತೊ ಕೂಡ ಮಠದಿಂದ ಸೇನೆಗೆ ಬಂದವನು, ಆದರೆ 1868ರಲ್ಲಿ ಸರ್ಕಾರಿ ಪಡೆಯ ಕಡೆ. ಇಬ್ಬರ ಜೀವನವನ್ನು ಕಲಸಿಹಾಕಿದ ಬರಹಗಳು ಸಾಕಷ್ಟಿವೆ.

ಅಧಿಕಮಾಸ
ತಾರೀಖಿನ ಗಂಟು ನಮ್ಮ ಪಂಚಾಂಗ ಬಲ್ಲವರಿಗೆ ಸುಲಭ. 1872ರ ಕೊನೆಯವರೆಗೆ ಜಪಾನಿನದು ಚಾಂದ್ರಸೌರ ಲೆಕ್ಕ. ಇಂಗ್ಲಿಷ್ ಕ್ಯಾಲೆಂಡರ್ ಶುರುವಾದದ್ದು 1873ರ ಜನವರಿ 1ಕ್ಕೆ. ಉಯೆನೋ ಕದನ ನಡೆದದ್ದು ಕೇಯೋ ಎಂಬ ಜಪಾನಿ ಶಕೆಯ 4ನೇ ವರ್ಷದ ‘ಐದನೇ ತಿಂಗಳ 15’. ಅದನ್ನು ಕಣ್ಣುಮುಚ್ಚಿ ‘ಮೇ 15’ ಮಾಡಿದ್ದೇ ತಪ್ಪು. ಆ ವರ್ಷ ನಾಲ್ಕನೇ ತಿಂಗಳು ಅಧಿಕವಾಗಿ ಎರಡು ಸಲ ಬಂದಿತ್ತು, ಹಾಗಾಗಿ ಅಂತರ ಒಂದೂವರೆ ತಿಂಗಳು ದಾಟಿ 1868ರ ಜುಲೈ 4ಕ್ಕೆ ನಿಂತಿತು. ಸರಿನೋಡಲು ಒಂದು ಉಪಾಯ: ತಿಂಗಳ 15 ಎಂದರೆ ಹುಣ್ಣಿಮೆ ಆಸುಪಾಸು ಇರಲೇಬೇಕು. ನೀವು ಹಾಕಿದ ಇಂಗ್ಲಿಷ್ ತಾರೀಖು ಅಮಾವಾಸ್ಯೆ ಹತ್ತಿರ ಬಂದರೆ ಲೆಕ್ಕ ಎಡವಿದೆ.

ಎರಡು ಎಚ್ಚರ. ಹನ್ನೊಂದು, ಹನ್ನೆರಡನೇ ತಿಂಗಳ ಘಟನೆಗಳು ಎಷ್ಟೋ ಸಲ ಇಂಗ್ಲಿಷಿನ ಮುಂದಿನ ಇಸವಿಗೆ ಬೀಳುತ್ತವೆ. ವಯಸ್ಸನ್ನು ಹುಟ್ಟಿದಾಗಲೇ ಒಂದು ಎಂದು ಎಣಿಸುವ ರೂಢಿ ಇತ್ತು. ಅದಕ್ಕೇ ಸಾಯುವಾಗ 49 ಎಂದು ಕಾಣುವುದು. ನಮ್ಮ ಲೆಕ್ಕಕ್ಕೆ 48 ತುಂಬಿತ್ತು.

ಹಳೇಪುಟ
ಬಹಳ ಉಪಕಾರ. ಸರ್ಕಾರವನ್ನು ಎದುರಿಸಿದ ಉತ್ತರ ಜಪಾನಿನ ಸಂಸ್ಥಾನಗಳವರು ಈತನನ್ನು ‘ತೋಬು ಚಕ್ರವರ್ತಿ’ ಎಂದು ಪಟ್ಟಕ್ಕೇರಿಸಿದರು ಅನ್ನುವುದನ್ನು ಸೇರಿಸಬಹುದೇ?

ಮೂಡಣದಾರಿ
ವಾದ ಎಂದು ಸೇರಿಸಿ, ಘಟನೆ ಎಂದು ಬೇಡ. ಉಯೆನೋದಲ್ಲಿ ಶೋಗನ್ ಪಕ್ಷದ ಶೋಗಿತೈ ಪಡೆ ಒಂದೇ ದಿನದಲ್ಲಿ ನೆಲಕಚ್ಚಿತು. (ಮಠದ ಕಪ್ಪು ಹೆಬ್ಬಾಗಿಲು ಈಗ ತೋಕ್ಯೋದ ಎಂತ್ಸೂಜಿ ದೇವಾಲಯದಲ್ಲಿದೆ, ಮರದ ಕಂಬಗಳಲ್ಲಿ ಗುಂಡು ಕೊರೆದ ತೂತು ಇವತ್ತಿಗೂ ಕಾಣುತ್ತವೆ.) ಈತ ತಪ್ಪಿಸಿಕೊಂಡು ಶೋಗನ್ ಪಕ್ಷದ ನಾಯಕ ಎನೊಮೊತೊ ತಕೆಅಕಿಯ ನೌಕಾಪಡೆಯ ಹಡಗು ಹತ್ತಿ ಉತ್ತರಕ್ಕೆ ಹೋದ. ಅಲ್ಲಿನ ಸಂಸ್ಥಾನಗಳ ಕೂಟ ಈತನನ್ನು ‘ಮೇಶು’, ಅಂದರೆ ಕೂಟದ ಮುಖ್ಯಸ್ಥ ಎಂದು ಒಪ್ಪಿಕೊಂಡಿತು. ಅಷ್ಟು ಗಟ್ಟಿ. ಪಟ್ಟಾಭಿಷೇಕದ ಜೊತೆ ಶುರುವಾಯಿತೆನ್ನುವ ಹೊಸ ಶಕೆಯ ಹೆಸರು ಒಂದು ದಾಖಲೆಯಲ್ಲಿ ‘ತೈಸೇ’, ಇನ್ನೊಂದರಲ್ಲಿ ‘ಎಂಜು’. ಈತನ ಹೆಸರಲ್ಲಿ ಹೊರಟ ಆಜ್ಞೆಗೆ ಬಳಸಿದ ಪದವೂ ‘ರ್ಯೋಜಿ’. ಅದು ರಾಜಕುಮಾರನ ಆಜ್ಞೆಗೆ ಸಲ್ಲುವ ಪದ, ಚಕ್ರವರ್ತಿಯದಕ್ಕಲ್ಲ. ಪಟ್ಟಾಭಿಷೇಕ ಆಗಿತ್ತು ಎನ್ನುವವರಿಗೆ ಇದು ತೊಡಕೇ.

ಕಡಲದಂಡೆ
ಕ್ಷಮೆ ಸಿಕ್ಕಿದ ಬಗೆಗೆ ಬರುತ್ತೇನೆ. ಉತ್ತರದವರು ಶರಣಾದ ಮೇಲೆ ಕ್ಯೋತೋದಲ್ಲಿ ಗೃಹಬಂಧನ, ಅಂತಸ್ತೂ ಹೋಯಿತು. 1869ರಲ್ಲಿ ಬಿಡುಗಡೆ. 1870ರಲ್ಲಿ ಜರ್ಮನಿಗೆ ಹೊರಟವನು ಪ್ರಷ್ಯದ ಸೇನಾವಿದ್ಯೆ ಕಲಿತು 1877ರವರೆಗೆ ಅಲ್ಲೇ ಇದ್ದ. ಈ ನಡುವೆ, 1873ರ ಕೊನೆಗೆ, ರಾಜವಂಶದ ಗಂಡಸರು ಸೇನೆ ಸೇರಬೇಕೆಂಬ ಆಜ್ಞೆಯೂ ಬಂತು. ಇಂಥವನನ್ನು ಬದಿಗಿಡುವುದಕ್ಕಿಂತ ಬಳಸಿಕೊಳ್ಳುವುದೇ ಸರ್ಕಾರಕ್ಕೆ ಲಾಭ. ಜರ್ಮನ್ ವಿಧವೆಯೊಬ್ಬಳ ಜೊತೆ ಮದುವೆ ನಿಶ್ಚಯ ಮಾಡಿಕೊಂಡಾಗ ಮಾತ್ರ ಒಪ್ಪದೆ ಊರಿಗೆ ಕರೆಸಿಕೊಂಡಿತು.

ತೈವಾನ್: ಚೀನಾ ಆ ದ್ವೀಪವನ್ನು ಜಪಾನಿಗೆ ಬಿಟ್ಟುಕೊಟ್ಟ ಶಿಮೊನೊಸೆಕಿ ಒಪ್ಪಂದ 1895ರ ಏಪ್ರಿಲ್ 17. ದ್ವೀಪದ ಹಸ್ತಾಂತರ ಜೂನ್ 2ಕ್ಕೆ, ಅಲ್ಲಿನ ಕೀಲುಂಗ್ ಬಂದರಿನ ಆಚೆ ಹಡಗಿನಲ್ಲಿ. ಆದರೆ ಈತನ ಡಿವಿಷನ್ ಆವೋದಿ ದಡದಲ್ಲಿ ಇಳಿದದ್ದು ಮೇ 29ಕ್ಕೇ. ಈ ಕ್ರಮ ತಿರುಗಿಸಿ ಬರೆಯಬೇಡಿ. ಆಗಸ್ಟ್ ಕೊನೆಗೆ ಚಾಂಗ್‌ಹುವಾ, ಅಕ್ಟೋಬರ್ 21ಕ್ಕೆ ತೈನಾನ್ ಜಪಾನೀಯರ ವಶವಾದವು. ಸಾಮಾನ್ಯವಾಗಿ ಉಲ್ಲೇಖಿಸುವ ಲೆಕ್ಕದಂತೆ ಜಪಾನೀಯರಲ್ಲಿ ಕಾದಾಟದಲ್ಲಿ ಸತ್ತವರು 164, ರೋಗದಿಂದ 4,642. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅದಕ್ಕೆ ಎರಡು ವರ್ಷ ಮೊದಲಿನ ಮಾತು ಇದು. ಯಾವುದರಿಂದ ಕಾಪಾಡಿಕೊಳ್ಳಬೇಕೆಂಬುದೇ ಪಡೆಗೆ ಗೊತ್ತಿರಲಿಲ್ಲ. ಅದೇ ಡಿವಿಷನ್ನಿನ ಬ್ರಿಗೇಡ್ ನಾಯಕ ಯಮನೆ ನೊಬುನರಿಯೂ ಅದೇ ತಿಂಗಳು ಕಾಯಿಲೆಯಿಂದಲೇ ಸತ್ತ.

ರಾಜಕುಮಾರ ಸತ್ತದ್ದು ತೈನಾನಿನಲ್ಲಿ, ಅಕ್ಟೋಬರ್ 28ಕ್ಕೆ. ಸುದ್ದಿ ಮುಚ್ಚಿಟ್ಟು, ಶವವನ್ನು ತೋಕ್ಯೋಗೆ ತಂದು, ಪ್ರಕಟಿಸಿದ್ದು ನವೆಂಬರ್ 5ಕ್ಕೆ. ನಿಮ್ಮ ಎರಡನೇ ತಾರೀಖು ಅದು. ಹೀಗೆ ಮುಚ್ಚಿಟ್ಟದ್ದು ‘ಕೊಂದರು’ ಎಂಬ ಮಾತಿಗೆ ಗೊಬ್ಬರವಾಯಿತೆಂದೇ ನನ್ನ ಅನಿಸಿಕೆ. ಆ ಕಥೆಗಳನ್ನು ಒಟ್ಟಿಗಿಟ್ಟು ನೋಡಿ, ಹಲ್ಲೆ ನಡೆದ ಊರೇ ಒಂದೊಂದರಲ್ಲಿ ಒಂದೊಂದು. ಜನಪದ ಎಂದು ಪ್ರತ್ಯೇಕ ಪ್ಯಾರಾದಲ್ಲಿ ಕೊಡಿ, ಮರಣಕಾರಣದ ಜಾಗದಲ್ಲಿ ಮಲೇರಿಯಾ ಇರಲಿ.

1901ರಲ್ಲಿ ತೈಪೇಯಲ್ಲಿ ಈತನನ್ನು ದೇವರಾಗಿಸಿ ಕಟ್ಟಿದ ತೈವಾನ್ ದೇಗುಲದ ಜಾಗದಲ್ಲಿ ಈಗಿರುವುದು ಗ್ರ್ಯಾಂಡ್ ಹೋಟೆಲ್. ಕುದುರೆ ಸವಾರಿಯ ಕಂಚಿನ ಪ್ರತಿಮೆ ಬೇಕಿದ್ದರೆ ತೋಕ್ಯೋದ ಕಿತನೊಮರು ಉದ್ಯಾನದಲ್ಲಿದೆ. ಚಿತ್ರ ಅಲ್ಲಿಂದಲೇ ಹಾಕಿ.

ಅಧಿಕಮಾಸ
ಕಾಗುಣಿತದ್ದೊಂದು. ಜಪಾನಿಯಲ್ಲಿ ಟ, ಡ ಇಲ್ಲ. ‘ಕಿಟಶಿರಕವ’ ಬೇಡ, ‘ಕಿತಶಿರಕವ’ ಬರೆಯಿರಿ. ಇಂಗ್ಲಿಷ್ ಬರಹದಲ್ಲಿ ದೀರ್ಘದ ಗೆರೆ ಬಿಟ್ಟುಹೋಗಿರುತ್ತದೆ, ಅದನ್ನೇ ನಂಬಿದರೆ ಕೋಗೆನ್ ಹೋಗಿ ಕೊಗೆನ್ ಆಗುತ್ತದೆ. ಕನ್ನಡದಲ್ಲಿ ಒ, ಓ ಎರಡೂ ಇರುವಾಗ ಆ ತಪ್ಪಿಗೆ ನೆಪವೇ ಇಲ್ಲ.