ಹಳೇ ಪಬ್ ಚೆನ್ನಾಗಿ ರಿಪೇರಿ ಆಗಿದೆಯೋ, ಬರೀ ಬಣ್ಣ ಬಳಿದಿದ್ದಾರೋ? ಅನುಭವ ಹೇಳಿ

ಕೇಳಿದವರು, ಕ್ರಾಯ್ಡನ್:
ಮುಂದಿನ ತಿಂಗಳು ಅಪ್ಪ ಹಾಸನದಿಂದ ಬರ್ತಿದ್ದಾರೆ. ಪಿಡಬ್ಲ್ಯುಡಿ ಎಂಜಿನಿಯರ್ ಆಗಿ ರಿಟೈರ್ ಆದವರು. ಕುಡಿಯಲ್ಲ, ಆದರೆ ಹಳೇ ಕಟ್ಟಡ ಕಂಡರೆ ಅಲ್ಲೇ ನಿಂತುಬಿಡ್ತಾರೆ. ಚೆನ್ನಾಗಿ ಜೀರ್ಣೋದ್ಧಾರ ಆದ ಪಬ್, ಇಲ್ಲ ಬೇರೇನೋ ಆಗಿದ್ದು ಪಬ್ ಆದ ಕಟ್ಟಡ, ಯಾವುದು ತೋರಿಸಲಿ? ಗೋಡೆ ಮೇಲಿನ ಪ್ರಶಸ್ತಿ ಫಲಕ ನಂಬಬಹುದಾ?

ಲಂಡನ್‌ನಿಂದ:
ಮೊದಲು ಹೈ ಹೋಬರ್ನ್‌ನ ಪ್ರಿನ್ಸೆಸ್ ಲೂಯಿಸ್ ಪಬ್‌ಗೆ ಕರ್ಕೊಂಡು ಹೋಗಿ. ವಿಕ್ಟೋರಿಯಾ ಕಾಲದಲ್ಲಿ ಒಂದೇ ಕೌಂಟರ್ ಸುತ್ತ ಮರ, ಗಾಜಿನ ಅಡ್ಡಗೋಡೆ ಹಾಕಿ ಸಣ್ಣ ಸಣ್ಣ ಕೋಣೆ ಮಾಡ್ತಿದ್ದರು. ಕೂಲಿಯವರಿಗೊಂದು, ಕೋಟಿನವರಿಗೊಂದು. ನಮ್ಮ ಹಳೇ ಹೋಟೆಲುಗಳ ಫ್ಯಾಮಿಲಿ ರೂಮ್ ಥರ, ಆದರೆ ಲೆಕ್ಕಾಚಾರ ಬೇರೆ. ಆಮೇಲೆ ಬಂದವರು ಎಷ್ಟೋ ಪಬ್‌ಗಳಲ್ಲಿ ಅದನ್ನೆಲ್ಲ ಕಿತ್ತು ಬಯಲು ಮಾಡಿದರು. ಇಲ್ಲಿ 2007ರ ಹೊತ್ತಿಗೆ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರು ಅಡ್ಡಗೋಡೆಗಳನ್ನು ಮತ್ತೆ ನಿಲ್ಲಿಸಿದರು. ನಾನಂತೂ ಮೊದಲ ಸಲ ಹೋದಾಗ ಎಲ್ಲ ಹಳೇದೇ ಅಂದ್ಕೊಂಡು ಮೋಸಹೋದೆ!
ನನ್ನ ಪರೀಕ್ಷೆ ಇದು: ಬೀದಿಗೆ ಮೂರು ಬಾಗಿಲಿದ್ದು ಒಳಗೆ ಒಂದೇ ಹಾಲ್ ಇದ್ದರೆ, ಯಾರೋ ಗೋಡೆ ನುಂಗಿದ್ದಾರೆ. ಚಾವಣಿಯಲ್ಲಿ, ನೆಲದ ಟೈಲ್ಸ್‌ನಲ್ಲಿ ಗಾಯದ ಗುರುತು ಸಿಗುತ್ತೆ, ನೋಡಿ.

ಶೆಫೀಲ್ಡ್‌ನಿಂದ:
ಉತ್ತರಕ್ಕೆ ಬಂದರೆ ನಮ್ಮ ಸ್ಟೇಷನ್‌ನಲ್ಲೇ ಶೆಫೀಲ್ಡ್ ಟ್ಯಾಪ್ ಇದೆ. 1904ರ ರೈಲ್ವೆ ಉಪಾಹಾರದ ಕೋಣೆ, ವರ್ಷಗಟ್ಟಲೆ ಹಾಳುಬಿದ್ದಿತ್ತು. 2009ರಲ್ಲಿ ಪಬ್ ಆಯ್ತು. ಆಗಲೂ ರೈಲು ಕಾಯೋರು ಕೂರ್ತಿದ್ದರು, ಈಗಲೂ ಅವರೇ. ಅದಕ್ಕೇ ಎಲ್ಲೂ ನಾಟಕ ಅನಿಸಲ್ಲ. ನಮ್ಮತ್ತೆ ಲೈಮ್ ಸೋಡಾ ಹಿಡ್ಕೊಂಡು ಗೋಡೆ ಟೈಲ್ಸ್ ನೋಡ್ತಾ ಕೂತು ರೈಲು ತಪ್ಪಿಸಿದರು.

ಲಿವರ್‌ಪೂಲ್‌ನಿಂದ:
ಫಿಲ್‌ಹಾರ್ಮೋನಿಕ್ ಪಬ್ ಬಿಡಬೇಡಿ. 2020ರಲ್ಲಿ ಗ್ರೇಡ್ 1, ಅಂದರೆ ಸಂರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆಯ ಪಟ್ಟಿಗೆ ಸೇರಿತು. ಗಂಡಸರ ಶೌಚಾಲಯದ ಗುಲಾಬಿ ಅಮೃತಶಿಲೆ ನೋಡೋಕೇ ಜನ ಬರ್ತಾರೆ, ಅಪ್ಪ ಸಂಕೋಚಪಡದಿರಲಿ.

ಲೀಡ್ಸ್‌ನಿಂದ, ಆರ್ಕಿಟೆಕ್ಟ್:
ಫಲಕ ಇದೆ ಅಂತ ನಂಬಬೇಡಿ, ಯಾತಕ್ಕೆ ಕೊಟ್ಟಿದ್ದು ಅಂತ ಓದಿ. ಹೂಕುಂಡಕ್ಕೂ ಪ್ರಶಸ್ತಿ ಇದೆ ಇಲ್ಲಿ. ಬಿಯರ್ ಪ್ರಿಯರ ಸಂಘ ಕಾಮ್ರಾ 1983ರಿಂದ ಪಬ್ ವಿನ್ಯಾಸಕ್ಕೇ ಬಹುಮಾನ ಕೊಡ್ತಿದೆ. ಹೊಸ ಕಟ್ಟಡ, ನವೀಕರಣ, ಪರಿವರ್ತನೆ, ಸಂರಕ್ಷಣೆ ಬೇರೆ ಬೇರೆ ವಿಭಾಗ. ಲಾಯಕ್ಕಾದ್ದು ಸಿಗದಿದ್ದರೆ ವಿಭಾಗ ಖಾಲಿ ಬಿಟ್ಟದ್ದೂ ಇದೆ, ಅದಕ್ಕೇ ನನಗೆ ಗೌರವ.
ಪರಿವರ್ತನೆಗೆ ಟನ್‌ಬ್ರಿಜ್ ವೆಲ್ಸ್‌ನ ಒಪೆರಾ ಹೌಸ್ ತೋರಿಸಿ. 1902ರ ರಂಗಮಂದಿರ, ಮಧ್ಯೆ ಬಿಂಗೊ ಆಡಿಸ್ತಿದ್ದರು. ವೇದಿಕೆ, ಬಾಲ್ಕನಿ ಈಗಲೂ ಕಾಣುತ್ತೆ. ನಾನೇ ಕೈಹಾಕಿದ್ದ ಒಂದು ಹಳೇ ಬ್ಯಾಂಕಿನಲ್ಲಿ ಎಸಿ ಪೈಪು ಮುಚ್ಚೋಕೆ ಸುಳ್ಳು ಚಾವಣಿ ಹೊಡೆದು ಗಾರೆ ಹೂವೆಲ್ಲ ಮುಚ್ಚಿಹೋಯ್ತು. ಇವತ್ತಿಗೂ ಆ ಬೀದಿಗೆ ಹೋಗಲ್ಲ.

ಕಿಲ್ಬರ್ನ್‌ನಿಂದ:
ಎಂಜಿನಿಯರ್ ಅಂದ್ರಲ್ಲ, ಕಾರ್ಲ್‌ಟನ್ ಟ್ಯಾವರ್ನ್ ಪಬ್ ತೋರಿಸಿ. 2015ರಲ್ಲಿ ಅನುಮತಿ ಇಲ್ಲದೆ ನೆಲಸಮ ಮಾಡಿದರು. ಇದ್ದ ಹಾಗೇ ಕಟ್ಟಿಕೊಡಿ ಅಂತ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಹಟ ಹಿಡಿಯಿತು. 2021ರಲ್ಲಿ ಮತ್ತೆ ಬಾಗಿಲು ತೆಗೆದರು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಫೋನಲ್ಲಿ ಅಪ್ಪನಿಗೆ ಓದಿ ಹೇಳಿದೆ. ಅವರ ಪ್ರಶ್ನೆ ಒಂದೇ: "ಕಟ್ಟಿದ ಖರ್ಚು ಯಾರದ್ದು?"

ಕಿಲ್ಬರ್ನ್‌ನಿಂದ:
ಕೆಡವಿದವರದ್ದೇ, ಸಾರ್.