ಮಾವನ ಬೀರು, ಅತ್ತೆಯ ಅಟ್ಟ: ಎಲ್ಲಿಂದ ಶುರು ಮಾಡಲಿ?

ಕುವೆಂಪುನಗರದ ಸೊಸೆ:
ಮೈಸೂರಿನಲ್ಲಿ ಎರಡು ರೂಮಿನ ಹಳೆ ಮನೆ ನಮ್ಮದು. ಮಾವ ಹೋದ ವರ್ಷ ತೀರಿಕೊಂಡರು. ಅವರ ಬೀರು ತುಂಬ ಕಾಗದ. ಕರೆಂಟ್ ಬಿಲ್ಲು, ಪಾಸ್‌ಬುಕ್ಕು, ಯಾರದೋ ಮದುವೆ ಕರೆಯೋಲೆ, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡ ಕಟ್ಟುಗಳು. ಅಟ್ಟ ಪೂರ್ತಿ ಅತ್ತೆಯದು. ಮಿಕ್ಸಿ ಬಂದ ರಟ್ಟಿನ ಡಬ್ಬ ಹಾಗೇ ಇದೆ, ಮಿಕ್ಸಿ ಕೆಟ್ಟು ಯಾವ ಕಾಲವಾಯಿತೋ!

ನನ್ನದು ವರ್ಕ್ ಫ್ರಂ ಹೋಮ್. ಊಟದ ಟೇಬಲ್ಲಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಬೀರುವಿನಿಂದ ಇಳಿಸಿದ ಫೈಲುಗಳು. ಮೀಟಿಂಗ್ ನಡೆಯುವಾಗಲೂ ಕಣ್ಣು ಅಲ್ಲಿಗೇ ಹೋಗುತ್ತದೆ. ರಾತ್ರಿ ಮಲಗಿದರೂ ಅದೇ ಯೋಚನೆ. ನಮ್ಮನೆಯವರನ್ನು ಕೇಳಿದರೆ "ಎಲ್ಲಿದೆ ರಾಶಿ?" ಅನ್ನುತ್ತಾರೆ. ಗುಜರಿಗೆ ಹಾಕೋಣ ಅಂದರೆ ಅತ್ತೆಯ ಮುಖ ಸಪ್ಪಗಾಗುತ್ತದೆ. ಅವರ ಜೊತೆ ಜಗಳ ಬೇಡ. ದಾರಿ ಹೇಳಿ.

ಬ್ಯಾಂಕ್ ತಾತ:
ಅಮ್ಮಾ, ಗುಜರಿಯವನನ್ನು ಈಗಲೇ ಕರೆಯಬೇಡಿ. ಬ್ಯಾಂಕಿನಲ್ಲಿ ಕೂತು ಇಂಥ ಕಟ್ಟುಗಳನ್ನು ಬೇಕಾದಷ್ಟು ನೋಡಿದವನು ನಾನು. ಹಳೆ ಕರೆಂಟ್ ಬಿಲ್ಲು, ಫೋನ್ ಬಿಲ್ಲು ಧೈರ್ಯವಾಗಿ ಹರಿಯಿರಿ. ಕ್ರಯಪತ್ರ, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ), ಖಾತೆ, ಕಂದಾಯದ ರಸೀದಿ ಎಷ್ಟೇ ಹಳೆಯದಾದರೂ ಇರಲಿ. ಪಾಸ್‌ಬುಕ್ಕುಗಳನ್ನು ಒಂದೊಂದಾಗಿ ನೋಡಿ. 10 ವರ್ಷ ವಹಿವಾಟಿಲ್ಲದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರರು ತಮ್ಮ ಬ್ಯಾಂಕಿನಲ್ಲೇ ಕೇಳಿ ಪಡೆಯಬಹುದು. ಹುಡುಕುವುದಕ್ಕೆ 2023ರಲ್ಲಿ ಶುರುವಾದ ಉದ್ಗಮ್ ವೆಬ್‌ಸೈಟ್ ಇದೆ. ಕಾಗದದ ಷೇರು ಸರ್ಟಿಫಿಕೇಟ್ ಸಿಕ್ಕರೆ ಅದೂ ರದ್ದಿಯಲ್ಲ. 7 ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರು ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಸೇರುತ್ತದೆ, ಅರ್ಜಿ ಹಾಕಿದರೆ ವಾಪಸ್ ಬರುತ್ತದೆ. ಓಡಾಟ ಜಾಸ್ತಿ, ಅದು ಬೇರೆ ಮಾತು.

ಹಾಸನದ ಅಕ್ಕ:
ತಂಗೀ, ನಿನ್ನ ತಲೆಬಿಸಿ ಸುಮ್ನೆ ಅಲ್ಲ. ಲಾಸ್ ಏಂಜಲೀಸ್ ಕಡೆ ಇಬ್ಬರೂ ದುಡಿಯುವ ದಂಪತಿಗಳ ಮೇಲೆ ನಡೆಸಿದ ಅಧ್ಯಯನವೊಂದು 2010ರಲ್ಲಿ ಬಂತು. ಅವರವರ ಮನೆಯನ್ನು ಅವರೇ ತೋರಿಸುತ್ತಾ ಮಾತಾಡಬೇಕಿತ್ತು. ಮನೆ ತುಂಬ ಸಾಮಾನು, ಕೆಲಸ ಮುಗಿದೇ ಇಲ್ಲ ಅಂತ ಹೇಳಿಕೊಂಡ ಹೆಂಗಸರಲ್ಲಿ, ಸಂಜೆ ಹೊತ್ತಿಗೆ ಇಳಿಯಬೇಕಾದ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಸರಿಯಾಗಿ ಇಳಿದಿರಲಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳು!

ಅಟ್ಟದ ತಂಟೆಗೆ ಈಗ ಹೋಗಬೇಡ. ಮೊದಲು ಟೇಬಲ್. ಫೈಲುಗಳು ಬೇರೆ ರೂಮಿಗೆ ಹೋಗಲಿ, ನಿನ್ನ ಕಣ್ಣಿಗೆ ಬೀಳಬಾರದು. ಕಾಗದ ಬಿಡಿಸುವಾಗ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೋ. ಇದು ಏನು, ಯಾವಾಗಿನದು ಅಂತ ಕೇಳು. ಅವರು ಬೇಡ ಅಂದಿದ್ದು ಮಾತ್ರ ಆಚೆ. ಅಟ್ಟದ ಹಳೆ ಸ್ಟೀಲು, ಹಿತ್ತಾಳೆ ಪಾತ್ರೆ ಗುಜರಿಗೆ ಅಂದರೆ ಯಾವ ಅತ್ತೆಯೂ ಒಪ್ಪಲ್ಲ. ಪಾತ್ರೆ ಅಂಗಡಿಗೆ ಕೊಟ್ಟು ಹೊಸ ಕುಕ್ಕರ್ ತರೋಣ ಅಂದು ನೋಡು.

ಕುವೆಂಪುನಗರದ ಸೊಸೆ:
ಅಕ್ಕಾ, ಟೇಬಲ್ ಖಾಲಿ ಮಾಡಿದೆ. ಅಷ್ಟಕ್ಕೇ ಉಸಿರು ಬಂದಂತಾಯಿತು. ಅತ್ತೆ ನನಗಿಂತ ಜೋರಾಗಿ ಬಿಲ್ಲು ಹರಿಯುತ್ತಿದ್ದಾರೆ! ತಾತಾ, ಮಾವನ ಹೆಸರಿನ ಒಂದು ಪಾಸ್‌ಬುಕ್ಕು ಸಿಕ್ಕಿದೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ನಾಮಿನಿ ಯಾರೆಂದು ಬರೆದಿಲ್ಲ. ಏನು ಮಾಡಲಿ?

ಬ್ಯಾಂಕ್ ತಾತ:
ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೂ ಬ್ಯಾಂಕಿನ ದಾಖಲೆಯಲ್ಲಿ ನಾಮಿನಿ ಇರಬಹುದು, ಮೊದಲು ಅದನ್ನು ಕೇಳಿ. ಮರಣ ಪ್ರಮಾಣಪತ್ರ, ಅತ್ತೆಯ ಆಧಾರ್ ತೆಗೆದುಕೊಂಡು ಹೋಗಿ. ನಾಮಿನಿ ಇಲ್ಲ ಅಂದರೆ ವಂಶವೃಕ್ಷ ಕೇಳಬಹುದು. ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ.