ಹದಿನೆಂಟನೆಯ ಶತಮಾನದ ಆರಂಭದ ಬ್ಯಾಲೆ ಉಡುಪು ಹೇಗಿತ್ತು?

ಪ್ರಶ್ನೆ: 1730ರ ಸುಮಾರಿನ ಪ್ಯಾರಿಸ್ ಒಪೆರಾದ ನರ್ತಕಿಯೊಬ್ಬಳ ಚಿತ್ರ ಬರೆಯಬೇಕೆಂದಿದ್ದೇನೆ. ಅಷ್ಟು ಭಾರದ ಉಡುಪಿನಲ್ಲಿ ಆಕೆಯ ಹೆಜ್ಜೆಗಳು ಪ್ರೇಕ್ಷಕರಿಗೆ ಕಾಣುತ್ತಿದ್ದವೇ?

ಉತ್ತರ 1: ಬಹುಮಟ್ಟಿಗೆ ಇಲ್ಲ. ಬಿಗಿಯಾದ ಕುಪ್ಪಸ, ಚೌಕಟ್ಟಿನ ಮೇಲೆ ಹರಡಿದ ಉದ್ದ ಲಂಗ, ಹಿಮ್ಮಡಿ ಎತ್ತರಿಸಿದ ಪಾದರಕ್ಷೆ, ಇವೆಲ್ಲ ಆಸ್ಥಾನದ ಉಡುಗೆಯಿಂದಲೇ ರಂಗಕ್ಕೆ ಬಂದಿದ್ದವು. ಗಂಡಸರು ‘ತೊನೆಲೆ’ ಎಂಬ ಉಬ್ಬಿದ ಗಿಡ್ಡ ಲಂಗವನ್ನು ತೊಡುತ್ತಿದ್ದುದರಿಂದ ಅವರ ಕಾಲಿನ ಚಲನೆಯೇ ಹೆಚ್ಚು ಸ್ಪಷ್ಟವಾಗಿ ತೋರುತ್ತಿತ್ತು. ನರ್ತಕರು ತೊಡುತ್ತಿದ್ದ ಮುಖವಾಡಗಳನ್ನೂ ಮರೆಯಬೇಡಿ.

ಉತ್ತರ 2: ಆ ಕಾಲದ ಪ್ಯಾರಿಸ್ ಒಪೆರಾದ ನರ್ತಕಿ ಮರೀ ಕಾಮಾರ್ಗೊ ತನ್ನ ಚುರುಕಾದ ಜಿಗಿತಗಳು ಕಾಣಲೆಂದು ಲಂಗವನ್ನು ಗಿಡ್ಡಗೊಳಿಸಿದಳೆಂಬ ಮಾತು ಪ್ರಸಿದ್ಧವಾಗಿದೆ. ಆದರೆ ನನಗೆ ಹೆಚ್ಚು ದಿಟ್ಟಳೆನಿಸುವವಳು ಅವಳ ಸಮಕಾಲೀನ ನರ್ತಕಿ ಮರೀ ಸಾಲೆ: 1734ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ‘ಪಿಗ್ಮೇಲಿಯನ್’ ಎಂಬ ಬ್ಯಾಲೆ ನರ್ತಿಸುವಾಗ ಆಕೆ ಲಂಗದ ಚೌಕಟ್ಟನ್ನೇ ಕೈಬಿಟ್ಟು, ಕೂದಲನ್ನು ಇಳಿಬಿಟ್ಟು, ಗ್ರೀಕ್ ಶಿಲ್ಪದ ನೆರಿಗೆಗಳನ್ನು ಹೋಲುವ ತೆಳುವಾದ ಮಸ್ಲಿನ್ ಧರಿಸಿದ್ದಳು.

ಪ್ರಶ್ನೆ ಕೇಳಿದವರು: ಧನ್ಯವಾದಗಳು, ಹಾಗಾದರೆ ಸಾಲೆಯನ್ನೇ ಚಿತ್ರಿಸುತ್ತೇನೆ.